ಕ್ಯಾಮೆರಾ, ಕಮ್ರಾ, ಚೇಂಬರ್, ಕಾಮ್ರೇಡ್: ಎಲ್ಲ ಒಂದೇ ಬೇರಿನ ಪದಗಳೇ?

ಬಯಲುಸೀಮೆಯವ:

ಎಲ್ಲರಿಗೂ ನಮಸ್ಕಾರ. ನಾನು ಮದುವೆ, ಗೃಹಪ್ರವೇಶಗಳಿಗೆ ಫೋಟೊ ತೆಗೆಯುವವನು. ನಮ್ಮ ಛಾಯಾಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ. ಕ್ಯಾಮೆರಾ ಎನ್ನುವುದು ಅರಬ್ಬಿ ಪದವಂತೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಅಲ್-ಹೈಥಮ್ ಎಂಬ ವಿಜ್ಞಾನಿ ಕತ್ತಲೆ ಕೋಣೆಗೆ ಸಣ್ಣ ತೂತಿನಿಂದ ಬೆಳಕು ಬಿಟ್ಟು ಚಿತ್ರ ಮೂಡಿಸಿದರಂತೆ, ಆ ಕೋಣೆಗೆ ‘ಕುಮ್ರಾ’ ಎನ್ನುತ್ತಿದ್ದರಂತೆ, ಅದೇ ಯುರೋಪಿಗೆ ಹೋಗಿ ಕ್ಯಾಮೆರಾ ಆಯಿತಂತೆ, ಈ ಕಡೆ ಬಂದು ಹಿಂದಿಯ ಕಮ್ರಾ ಆಯಿತಂತೆ. ಕೇಳಲು ಚೆನ್ನಾಗಿ ಹೊಂದುತ್ತದೆ. ನಿಜವೇ? ಅನ್ನ ಕೊಡುವ ವಸ್ತುವಿನ ಹೆಸರು ಎಲ್ಲಿಂದ ಬಂತೆಂದು ಸರಿಯಾಗಿ ತಿಳಿಯುವ ಆಸೆ. ಬಲ್ಲವರು ಹೇಳಿ.

ನುಡಿಬೇರು:

ಒಳ್ಳೆಯ ಪ್ರಶ್ನೆ. ಆ ಸಂದೇಶದಲ್ಲಿ ವಿಜ್ಞಾನದ ಭಾಗ ಬಹುಮಟ್ಟಿಗೆ ಸರಿ, ಪದದ ಭಾಗ ತಪ್ಪು.

ಇಬ್ನ್ ಅಲ್-ಹೈಥಮ್ ಹುಟ್ಟಿದ್ದು ಸುಮಾರು 965ರಲ್ಲಿ, ಬಸ್ರಾದಲ್ಲಿ. ಬಾಳಿನ ಕೊನೆಯ ಭಾಗ ಕೈರೋದಲ್ಲಿ ಕಳೆಯಿತು. ಬೆಳಕು ವಸ್ತುಗಳಿಂದ ಕಣ್ಣಿಗೆ ಬರುತ್ತದೆ, ಕಣ್ಣಿನಿಂದ ಹೊರಡುವುದಲ್ಲ ಎಂದು ಗಟ್ಟಿಯಾಗಿ ಸಾಧಿಸಿದವರು ಅವರು. ಕಿಂಡಿಯ ಮೂಲಕ ಗ್ರಹಣದ ಬಿಂಬ ಬೀಳುವುದನ್ನು ಕುರಿತು ಪ್ರತ್ಯೇಕವಾಗಿಯೇ ಬರೆದಿದ್ದಾರೆ. ಅವರ ಕತ್ತಲ ಕೋಣೆಯ ಹೆಸರಾಗಿ ಸಿಗುವುದು ‘ಅಲ್-ಬೈತ್ ಅಲ್-ಮುಝ್ಲಿಮ್’, ಅಂದರೆ ಕತ್ತಲ ಮನೆ. ಅಲ್ಲಿ ಕುಮ್ರಾ ಇಲ್ಲ.

ಇನ್ನು ಕ್ಯಾಮೆರಾ ಪದ ಲ್ಯಾಟಿನ್ನಿನಲ್ಲಿ ಅವರಿಗಿಂತ ಸಾವಿರ ವರ್ಷ ಹಳೆಯದು. ಕ್ರಿಸ್ತಪೂರ್ವ ಮೊದಲ ಶತಮಾನದ ಇತಿಹಾಸಕಾರ ಸಲ್ಲಸ್ಟ್ ರೋಮಿನ ನೆಲದಡಿಯ ಸೆರೆಮನೆ ಟುಲ್ಲಿಯಾನಮ್ಮನ್ನು ಬಣ್ಣಿಸುವಾಗ ಅದರ ಮೇಲಿನ ಕಲ್ಲಿನ ಕಮಾನುಚಾವಣಿಗೆ ‘ಕಮೆರ’ ಎನ್ನುತ್ತಾನೆ. ವಾಸ್ತುಶಿಲ್ಪದ ಗ್ರಂಥ ಬರೆದ ವಿಟ್ರೂವಿಯಸ್ ಕಮಾನುಚಾವಣಿಗೆ ಗಾರೆ ಮೆತ್ತುವ ಕ್ರಮ ಹೇಳುವಾಗಲೂ ಇದೇ ಪದ ಬಳಸುತ್ತಾನೆ. ಲ್ಯಾಟಿನ್ನಿಗೆ ಅದು ಬಂದದ್ದು ಗ್ರೀಕಿನ ‘ಕಮಾರ’ದಿಂದ, ಅಲ್ಲಿ ಅರ್ಥ ಕಮಾನು, ಬಾಗಿದ ಮುಚ್ಚಳವಿರುವ ಯಾವುದಾದರೂ. ಕಪ್ಪು ಸಮುದ್ರದ ಕಡೆಯ ಜನ ಹಲಗೆಯಿಂದ ಮೇಲೆ ಮುಚ್ಚಿಕೊಳ್ಳುತ್ತಿದ್ದ ದೋಣಿಗಳಿಗೂ ‘ಕಮಾರೆ’ ಎಂಬ ಹೆಸರಿತ್ತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅಂದರೆ ಮೊದಲು ಕಮಾನು, ಆಮೇಲೆ ಕಮಾನಿನ ಚಾವಣಿ, ಆಮೇಲೆ ಆ ಚಾವಣಿಯ ಕೆಳಗಿನ ಕೋಣೆ.

ಅರಬ್ಬಿಯಲ್ಲಿ ‘ಕಮರಾ’ ಅಥವಾ ‘ಕುಮ್ರಾ’ ಎಂಬ ಪದ ಇರುವುದಂತೂ ನಿಜ. ಹಡಗಿನ ಕ್ಯಾಬಿನ್ನಿಗೆ, ಈಗ ವಿಮಾನ ಚಾಲಕರ ಕೋಣೆಗೆ ಹಾಗೆನ್ನುತ್ತಾರೆ. ಆದರೆ ಅದು ಮೆಡಿಟರೇನಿಯನ್ ಕಡಲಿನ ನಾವಿಕರ ಬಾಯಿಂದ ಅರಬ್ಬಿಗೆ ಹೋದದ್ದು. ತುರ್ಕಿಯಲ್ಲೂ ಹಡಗಿನ ಕ್ಯಾಬಿನ್ ‘ಕಮಾರ’ವೇ. ಸಂದೇಶ ಬರೆದವರು ಹೊಳೆ ಹರಿದ ದಿಕ್ಕನ್ನೇ ತಿರುಗಿಸಿದ್ದಾರೆ.

ನಿಮ್ಮ ಕೈಯಲ್ಲಿರುವ ಯಂತ್ರಕ್ಕೆ ಈ ಹೆಸರು ಅಂಟಿದ್ದು ಬಹಳ ತಡವಾಗಿ. ಇಟಲಿಯ ದೆಲ್ಲಾ ಪೋರ್ಟಾ 1558ರಲ್ಲಿ ಇದೇ ಕತ್ತಲ ಕೋಣೆಯ ಬಗ್ಗೆ ಬರೆದಾಗ ‘ಕುಬಿಕುಲಮ್’ ಎಂದ, ಅದೂ ಕೋಣೆಯೇ. ‘ಕಮೆರಾ ಅಬ್ಸ್ಕ್ಯೂರಾ’, ಅಂದರೆ ಕತ್ತಲ ಕೋಣೆ, ಎಂಬ ಜೋಡಿಯನ್ನು 1604ರಲ್ಲಿ ಬಳಸಿದವನು ಖಗೋಳಶಾಸ್ತ್ರಿ ಕೆಪ್ಲರ್. ಅವನೇ ಮುಂದೆ ಲಿಂಟ್ಸ್ ಊರಿನಲ್ಲಿ ಬಯಲಲ್ಲಿ ನಿಲ್ಲಿಸಬಹುದಾದ, ಸುತ್ತಲೂ ತಿರುಗಿಸಬಹುದಾದ ಒಂದು ಕಪ್ಪು ಗುಡಾರ ಮಾಡಿಕೊಂಡು ಅದರೊಳಗೆ ಕೂತು ಭೂದೃಶ್ಯಗಳ ಗೆರೆ ಎಳೆಯುತ್ತಿದ್ದ. 1620ರಲ್ಲಿ ಅವನನ್ನು ಕಂಡ ಇಂಗ್ಲಿಷ್ ರಾಯಭಾರಿ ವಾಟನ್ ಇದನ್ನು ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ನನಿಗೆ ಕಾಗದ ಬರೆದು ತಿಳಿಸಿದ್ದಾನೆ. ಕೋಣೆ ಗುಡಾರವಾಯಿತು, ಗುಡಾರ ಪೆಟ್ಟಿಗೆಯಾಯಿತು, 1839ರಲ್ಲಿ ಫ್ರಾನ್ಸಿನ ಡಾಗೇರನ ಫೋಟೊ ವಿಧಾನ ಬಹಿರಂಗವಾದ ಮೇಲೆ ಪೆಟ್ಟಿಗೆಯೊಳಗಿನ ಬಿಂಬ ತಗಡಿನ ಮೇಲೆ ನಿಂತಿತು. ‘ಕತ್ತಲ’ ಎಂಬ ವಿಶೇಷಣ ಉದುರಿ ‘ಕೋಣೆ’ ಮಾತ್ರ ಉಳಿಯಿತು.

ಬಯಲುಸೀಮೆಯವ:

ತುಂಬಾ ಧನ್ಯವಾದ ಸರ್. ಗುಂಪಿಗೆ ಇದನ್ನೇ ಹಾಕುತ್ತೇನೆ. ಅಪ್ಪನ ಸ್ಟುಡಿಯೊದಲ್ಲಿ ಫಿಲ್ಮ್ ತೊಳೆಯುವ ಡಾರ್ಕ್ ರೂಮ್ ಇತ್ತು. ಹೆಸರಿನ ಅರ್ಥ ನೋಡಿದರೆ ಕೆಪ್ಲರನ ಮಾತೂ ಅದೇ!

ಧಾರವಾಡದಾಕಿ:

ಚೊಲೋ ಬರದೀರಿ ಸರ. ಆದ್ರ ಕಮ್ರಾದ ವಿಷಯ ಹಂಗ ಬಿಟ್ರಿ. ನಮ್ಮ ಕಡೆ ರೂಮಿಗೆ ಖೋಲಿ ಅಂತೀವ್ರಿ, ಮರಾಠಿಯೊಳಗೂ ಅದ ಐತಿ. ನಮ್ಮ ಓಣ್ಯಾಗಿನ ಉರ್ದು ಮಾತಾಡೋ ಮಂದಿ ಕಮ್ರಾ ಅಂತಾರ. ಅದು ಪಾರ್ಸಿ ಇರಬೇಕಂತ ನಮಗೆಲ್ಲಾ ಸಣ್ಣಾಗಿಂದ ತಲಿಯೊಳಗ ಕುಂತದ. ಲ್ಯಾಟಿನ್ ಅಂದ್ರ ಪೋರ್ಚುಗೀಸರ ಕಡಿಂದ ಬಂದಿರಬೇಕಲ್ರಿ? ಅವರು ಇದ್ದದ್ದು ಗೋವಾದಾಗ. ದಿಲ್ಲಿ ಮಂದಿ ಬಾಯಾಗ ಅವರ ಮಾತು ಹೆಂಗ ಹೊಕ್ತು?

ನುಡಿಬೇರು:

ಸರಿಯಾಗಿ ಹಿಡಿದಿರಿ ಅಕ್ಕಾ, ಪೋರ್ಚುಗೀಸಿನ ‘ಕಾಮರಾ’ದಿಂದಲೇ ಹಿಂದಿ-ಉರ್ದುವಿನ ಕಮ್ರಾ. ದಾರಿ ಗೋವಾ ಒಂದೇ ಅಲ್ಲ. ಬಂಗಾಳದ ಹೂಗ್ಲಿಯಲ್ಲಿ ಪೋರ್ಚುಗೀಸರ ದೊಡ್ಡ ನೆಲೆಯಿತ್ತು, 1632ರಲ್ಲಿ ಶಹಜಹಾನನ ಸೈನ್ಯ ಅದನ್ನು ಮುತ್ತಿ ಕಿತ್ತುಹಾಕಿತು. ಆದರೆ ಭಾಷೆ ಉಳಿಯಿತು. ಕರಾವಳಿಯುದ್ದಕ್ಕೂ ವ್ಯಾಪಾರದ ಮಾತು ಒಂದು ಬಗೆಯ ಹರಕು ಪೋರ್ಚುಗೀಸೇ ಆಗಿತ್ತು. ಈಸ್ಟ್ ಇಂಡಿಯಾ ಕಂಪನಿಗೆ 1698ರಲ್ಲಿ ಕೊಟ್ಟ ಸನ್ನದಿನಲ್ಲಿ, ಇಲ್ಲಿಗೆ ಬರುವ ಪಾದ್ರಿಗಳು ಒಂದು ವರ್ಷದೊಳಗೆ ಪೋರ್ಚುಗೀಸ್ ಕಲಿಯಬೇಕೆಂಬ ಷರತ್ತೇ ಇತ್ತು. ಬಂಗಾಳಿ ಪದಕೋಶವನ್ನು ಮೊದಲು ಅಚ್ಚು ಹಾಕಿಸಿದ್ದೂ ಪೋರ್ಚುಗೀಸ್ ಪಾದ್ರಿಯೇ, 1743ರಲ್ಲಿ, ಲಿಸ್ಬನ್ನಿನಲ್ಲಿ.

ಬಂಗಾಳಿಯಲ್ಲಿ ‘ಕಾಮ್ರಾ’ ಇವತ್ತು ರೈಲಿನ ಬೋಗಿಯೊಳಗಿನ ವಿಭಾಗ. ಸಿಂಹಳದಲ್ಲಿ ‘ಕಾಮರಯ’ ಎಂದರೆ ಮಾಮೂಲಿ ಕೋಣೆ. ಇಂಡೊನೇಷ್ಯಾದ ‘ಕಮಾರ್’ ಡಚ್ಚರ ‘ಕಾಮರ್’ನಿಂದ. ಅಲ್ಲಿ ಬಚ್ಚಲುಮನೆ ‘ಕಮಾರ್ ಮಂಡಿ’.

ಕನ್ನಡಕ್ಕೂ ಈ ದಾರಿಯಲ್ಲಿ ಸಾಕಷ್ಟು ಬಂದಿವೆ. ಚಾವಿ ಲ್ಯಾಟಿನ್ನಿನ ‘ಕ್ಲಾವಿಸ್’, ಅಲಮಾರು ‘ಅರ್ಮಾರಿಯಮ್’, ಪಾದ್ರಿ ‘ಪಾತೆರ್’, ಮೇಸ್ತ್ರಿ ‘ಮಜಿಸ್ತೆರ್’, ಪಗಾರ ‘ಪಕಾರೆ’, ಎಲ್ಲವೂ ಪೋರ್ಚುಗೀಸ್ ಬಾಯಿ ಹಾದು ಬಂದವು. ಪಾವ್ ಭಾಜಿಯ ಪಾವ್ ಕೂಡ, ಮೂಲ ‘ಪಾನಿಸ್’, ರೊಟ್ಟಿ. ರೊಟ್ಟಿ ಹಂಚಿಕೊಂಡು ತಿನ್ನುವವನು ‘ಕಂಪಾನಿಯೊ’. ಕಂಪನಿ ಎಂಬ ಮಾತು ಅಲ್ಲಿಂದ.

ಕಡಲತಡಿ:

ನಮ್ಮ ಮಂಗಳೂರು ಕೊಂಕಣಿಯ ಮಾತು ಸೇರಿಸುತ್ತೇನೆ. ಕಿಟಕಿಗೆ ನಾವು ‘ಜನೆಲ್’ ಎನ್ನುವುದು, ಅದು ಪೋರ್ಚುಗೀಸಿನ ‘ಜನೇಲಾ’. ಆದರೆ ಕೋಣೆಗೆ ‘ಕೂಡ್’. ಗೋವಾದಿಂದ ಮುಂಬೈಗೆ ಹೋಗಿ ಹಡಗು ಕೆಲಸ ಹುಡುಕುತ್ತಿದ್ದವರು ತಂಗಲು ಊರಿಗೊಂದರಂತೆ ಮಾಡಿಕೊಂಡ ಕ್ಲಬ್ಬುಗಳಿಗೂ ‘ಕೂಡ್’ ಎಂದೇ ಹೆಸರು. ಪೋರ್ಚುಗೀಸರೊಡನೆ ನಾಲ್ಕೂವರೆ ಶತಮಾನ ಕಳೆದ ಗೋವಾದ ಭಾಷೆ ಕೋಣೆಗೆ ತನ್ನ ಮಾತನ್ನೇ ಉಳಿಸಿಕೊಂಡಿದೆ, ಅವರು ಆಳದೆ ಇದ್ದ ದಿಲ್ಲಿ, ಲಖನೌಗಳು ಅವರ ಮಾತು ತೆಗೆದುಕೊಂಡಿವೆ. ಗೋವಾದಲ್ಲಿ ‘ಕಾಮರಾ’ ಎಂದರೆ ಬೇರೆ: ನಗರಸಭೆ. ಪೋರ್ಚುಗಲ್ಲಿನಲ್ಲಿ ಇವತ್ತಿಗೂ ‘ಕಾಮರಾ ಮುನಿಸಿಪಾಲ್’ ಎಂದರೆ ಅದೇ.

ಕೋಣೆ ಆಡಳಿತ ಆಗುವುದು ಹೇಗೆ? ಯಾರಾದರೂ ಬಿಡಿಸಿ ಹೇಳಿದರೆ ಸಂತೋಷ.

ನುಡಿಬೇರು:

ಈ ಪದದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೇ ಇದು.

ಯುರೋಪಿನ ರಾಜರ ಹಣ ಇರುತ್ತಿದ್ದದ್ದು ಅವರ ಮಲಗುವ ಕೋಣೆಯಲ್ಲಿ ಅಥವಾ ಅದರ ಪಕ್ಕದಲ್ಲಿ. ಹಾಸಿಗೆ ನೋಡಿಕೊಳ್ಳುವವನೇ ಪೆಟ್ಟಿಗೆ ಕಾಯುವವನು, ಪೆಟ್ಟಿಗೆ ಕಾಯುವವನೇ ಲೆಕ್ಕ ಬರೆಯುವವನು. ಹೀಗೆ ‘ಕಮೆರ’ ಎಂದರೆ ಖಜಾನೆ ಎಂದಾಯಿತು. ಕೋಣೆಯ ಅಧಿಕಾರಿ ಇಂಗ್ಲಿಷಿನಲ್ಲಿ ಚೇಂಬರ್ಲಿನ್ ಆದ, ವ್ಯಾಟಿಕನ್ನಿನಲ್ಲಿ ಕಮೆರ್ಲೆಂಗೊ ಆದ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿಯನ್ನು ಜಗತ್ತಿಗೆ ಹೇಳಿದವರು ಕಾರ್ಡಿನಲ್ ಕೆವಿನ್ ಫ್ಯಾರೆಲ್, ಅವರೇ ಆಗಿನ ಕಮೆರ್ಲೆಂಗೊ. ಹೊಸ ಪೋಪ್ ಬರುವ ತನಕ ಕ್ಯಾಥೊಲಿಕ್ ಧರ್ಮಸಭೆಯ ಆಸ್ತಿ, ದೈನಂದಿನ ವ್ಯವಹಾರ ಆ ಹುದ್ದೆಯ ಜವಾಬ್ದಾರಿ. ಆ ಪದದಲ್ಲಿ ಲ್ಯಾಟಿನ್ ಬೇರಿಗೆ ಜರ್ಮನಿಕ್ ಭಾಷೆಯ ‘ಲಿಂಗ್’ ಪ್ರತ್ಯಯ ಕೂಡಿದೆ, ಅದು ಇಟಲಿಯ ಬಾಯಲ್ಲಿ ‘ಲೆಂಗೊ’ ಆಗಿದೆ.

ಜರ್ಮನಿಯಲ್ಲಿ ಇದೊಂದು ಶಾಸ್ತ್ರವೇ ಆಯಿತು. ಪ್ರಷ್ಯಾದ ಮೊದಲನೆಯ ಫ್ರೆಡರಿಕ್ ವಿಲಿಯಂ 1727ರಲ್ಲಿ ಹಾಲೆ ಮತ್ತು ಓಡರ್ ನದಿಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯಗಳಲ್ಲಿ ‘ಕಮೆರಾಲ್ ಶಾಸ್ತ್ರ’ಕ್ಕೆ ಪೀಠ ಸ್ಥಾಪಿಸಿದ. ಕಲಿಸುತ್ತಿದ್ದದ್ದು ಕಂದಾಯ, ಕೃಷಿ, ಆಡಳಿತ. ನಾವೀಗ ಸಾರ್ವಜನಿಕ ಆಡಳಿತ ಎಂದು ಓದುವ ವಿಷಯದ ಹಿರಿಯಜ್ಜ ಅದು.

ಸಭೆ ಸೇರುವ ಕೋಣೆಯ ಹೆಸರು ಸಭೆಗೇ ಅಂಟುವುದು ಸಹಜ. ಇಟಲಿಯ ಕೆಳಮನೆ ‘ಕಮೆರಾ’, ನೆದರ್‌ಲ್ಯಾಂಡ್ಸಿನ ಕೆಳಮನೆ ‘ಎರಡನೇ ಕಾಮರ್’. ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಇರುವ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಇಂಗ್ಲಿಷಿನಲ್ಲಿ ಇದಕ್ಕೆ ‘ಬೈಕ್ಯಾಮರಲ್’ ಎನ್ನುತ್ತಾರೆ, ಎರಡು ಕೋಣೆಯದು ಎಂದರ್ಥ. ನಾವೂ ಕೆಳಮನೆ, ಮೇಲ್ಮನೆ ಎಂದೇ ಹೇಳುತ್ತೇವಲ್ಲ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕಟ್ಟಿದ ಮೈಸೂರು ಚೇಂಬರ್ ಆಫ್ ಕಾಮರ್ಸ್ ಕೂಡ ಈ ವಂಶದ್ದೇ.

ಇಸಾರ್ ದಂಡೆ:

ಹತ್ತು ವರ್ಷಕ್ಕೂ ಮೇಲಾಯಿತು ಮ್ಯೂನಿಕ್ಕಿನಲ್ಲಿ ಇದ್ದೇನೆ. ಇಲ್ಲಿ ಮಾಮೂಲಿ ಕೋಣೆಗೆ ‘ತ್ಸಿಮ್ಮರ್’, ‘ಕಮ್ಮರ್’ ಎಂದರೆ ಸಣ್ಣದು, ಉಗ್ರಾಣದಂಥದ್ದು. ದಿನಸಿ ಇಡುವ ಕೋಣೆ ‘ಶ್ಪೈಸೆಕಮ್ಮರ್’. ಹೃದಯದ ಕೆಳಗಿನ ಎರಡು ಕೋಣೆಗಳಿಗೆ, ನಮ್ಮ ಶಾಲೆಯ ಪುಸ್ತಕದ ಹೃತ್ಕುಕ್ಷಿಗೆ, ‘ಹೆರ್ತ್ಸ್‌ಕಮ್ಮರ್’ ಎನ್ನುತ್ತಾರೆ.

ನಮ್ಮ ಆಫೀಸಿನಲ್ಲಿ ಒಬ್ಬ ಹಂಗೇರಿಯವರು, ಒಬ್ಬ ರೊಮೇನಿಯದವರು, ಒಬ್ಬ ರಷ್ಯನ್ ಇದ್ದಾರೆ. ಈ ಚರ್ಚೆ ಓದಿ ಊಟದ ಹೊತ್ತಿನಲ್ಲಿ ಕೇಳಿದೆ. ಹಂಗೇರಿಯಲ್ಲಿ ‘ಕಮ್ರ’ ಎಂದರೆ ಉಪ್ಪಿನಕಾಯಿ, ಜಾಮ್ ಇಡುವ ಉಗ್ರಾಣ. ರೊಮೇನಿಯದಲ್ಲಿ ಇದೇ ಬೇರಿಗೆ ಎರಡು ರೂಪ: ‘ಕಮೆರ’ ಕೋಣೆ, ‘ಕಮಾರ’ ಉಗ್ರಾಣ. ರಷ್ಯನ್ನಿನಲ್ಲಿ ‘ಕಾಮೆರಾ’ ಎಂದರೆ ಫೋಟೊ ಯಂತ್ರವೂ ಹೌದು, ಸೈಕಲ್ ಟೈರಿನೊಳಗಿನ ಟ್ಯೂಬೂ ಹೌದು, ಜೈಲಿನ ಕೋಣೆಯೂ ಹೌದು. ಸಲ್ಲಸ್ಟನ ಸೆರೆಮನೆಯಿಂದ ಹೊರಟ ಪದ ಎರಡು ಸಾವಿರ ವರ್ಷ ಸುತ್ತಿ ಸೆರೆಮನೆಗೇ ಬಂದಿದೆ.

ಟ್ಯೂಬಿಗೆ ಫ್ರೆಂಚರೂ ಇಟಲಿಯವರೂ ಗಾಳಿಯ ಕೋಣೆ ಎನ್ನುತ್ತಾರಂತೆ. ಪಂಕ್ಚರ್ ಹಾಕಿಸುವಾಗ ಕ್ಯಾಮೆರಾ ಎಂದರೆ ನಮ್ಮವರಿಗೆ ದಿಕ್ಕು ತಪ್ಪುತ್ತದೆ.

ಅಲೆಮಾರಿ ಮೇಷ್ಟ್ರು:

ನನ್ನದೊಂದು ಸಂದೇಹ. ಕಮೆರ ಹೋಗಿ ಚೇಂಬರ್ ಹೇಗಾಯಿತು? ‘ಕ’ ‘ಚ’ ಆಗಿದೆ, ನಡುವೆ ಎಲ್ಲಿಂದಲೋ ‘ಬ’ ಬಂದಿದೆ. ಎರಡನ್ನೂ ಒಂದೇ ಪದ ಎಂದರೆ ಮಕ್ಕಳು ನಂಬುವುದಿಲ್ಲ. ತರಗತಿಯಲ್ಲಿ ಹೇಳಿಕೊಡುವ ಹಾಗೆ ವಿವರಿಸಿ.

ನುಡಿಬೇರು:

ಮೇಷ್ಟ್ರೇ, ಮೊದಲನೆಯದು ಫ್ರೆಂಚಿನ ಕೆಲಸ. ಲ್ಯಾಟಿನ್ನಿನ ಪದ ‘ಕ’ದಿಂದ ಶುರುವಾದರೆ ಹಳೆಯ ಫ್ರೆಂಚಿನಲ್ಲಿ ಅದು ‘ಚ’ ಆಗುತ್ತದೆ: ‘ಕಾಂತಾರೆ’ (ಹಾಡು) ‘ಚಾಂತೆರ್’ ಆದಂತೆ. ಇಂಗ್ಲಿಷ್ ಆ ಹಂತದಲ್ಲಿ ಪದ ತೆಗೆದುಕೊಂಡಿತು. ಫ್ರೆಂಚು ಮುಂದೆ ಹೋಗಿ ‘ಚ’ವನ್ನು ‘ಶ’ ಮಾಡಿತು, ಅಲ್ಲಿ ಈಗ ‘ಶಾಂಬ್ರ್’. ಐರಿಷ್ ಭಾಷೆಯ ‘ಶೋಮ್ರ’ ಕೂಡ ಇದೇ ದಾರಿಯದು. ಬಾಸ್ಕ್ ಭಾಷೆಗೆ ಮಾತ್ರ ಫ್ರೆಂಚಿನ ಗಾಳಿ ತಾಗಿಲ್ಲ. ಅಲ್ಲಿ ಅಟ್ಟಕ್ಕೆ ‘ಗಾನ್‌ಬಾರ’ ಎನ್ನುತ್ತಾರೆ.

ಎರಡನೆಯದಕ್ಕೆ ಉತ್ತರ ನಮ್ಮ ಬಾಯಲ್ಲೇ ಇದೆ. ಕಮೆರದ ನಡುವಿನ ಸ್ವರ ಬಿದ್ದುಹೋದರೆ ‘ಮ್ರ’ ಉಳಿಯುತ್ತದೆ. ‘ಮ್’ ಮುಗಿಸಿ ‘ರ’ಕ್ಕೆ ಹೋಗುವಾಗ ತುಟಿ ಬಿಚ್ಚುವ ಗಳಿಗೆಯಲ್ಲಿ ತಾನಾಗಿ ‘ಬ’ ಕೇಳಿಸುತ್ತದೆ. ತಾಮ್ರವನ್ನು ಹಳ್ಳಿಗಳಲ್ಲಿ ‘ತಾಂಬ್ರ’ ಎನ್ನುವುದನ್ನು ಕೇಳಿದ್ದೀರಲ್ಲ, ಅದೇ. ಸಂಸ್ಕೃತದ ಆಮ್ರ ಪಾಳಿಯಲ್ಲಿ ‘ಅಂಬ’ ಆಗಿ, ಮರಾಠಿಯಲ್ಲಿ ‘ಆಂಬಾ’ ಆದದ್ದೂ ಇದೇ. ಲ್ಯಾಟಿನ್ನಿನ ‘ನುಮೆರುಸ್’ ನಮ್ಮ ಫೋನ್ ನಂಬರ್ ಆದದ್ದೂ ಇದೇ. ಮಕ್ಕಳಿಗೆ ತಾಮ್ರ ಎಂದು ಬೇಗ ಬೇಗ ಹತ್ತು ಸಲ ಹೇಳಿಸಿ, ತರಗತಿಯಲ್ಲೇ ‘ಬ’ ಹುಟ್ಟುತ್ತದೆ.

ಅಲೆಮಾರಿ ಮೇಷ್ಟ್ರು:

ನಾಳೆಯೇ ಹೇಳಿಸುತ್ತೇನೆ. ಹಾಗಾದರೆ ಗಾಂಧಿನಗರದ ಮಂದಿ ಹೇಳುವ ‘ಫಿಲ್ಮ್ ಚೇಂಬರ್’ ಒಳಗೆ ಕ್ಯಾಮೆರಾ ಇದ್ದೇ ಇದೆ.

ಕೆಂಬಾವುಟ:

ಶೀರ್ಷಿಕೆಯಲ್ಲಿ ಕಾಮ್ರೇಡ್ ಇದೆ, ಯಾರೂ ಮುಟ್ಟಿಲ್ಲ. ನಮ್ಮ ಸಭೆಗಳ ಕರಪತ್ರದಲ್ಲಿ ಹೆಸರಿನ ಹಿಂದೆ ‘ಕಾಂ.’ ಎಂದು ಹಾಕುವುದು ರೂಢಿ. ಇದು ಕಮ್ಯುನಿಸ್ಟ್ ಪದದ ಮೊಟಕು ಎಂದು ಹೊಸ ಹುಡುಗರು ತಿಳಿಯುತ್ತಾರೆ. ಹಾಗಲ್ಲ. ಸ್ಪ್ಯಾನಿಷ್‌ನಲ್ಲಿ ‘ಕಾಮರಾದ’ ಎಂದರೆ ಮೊದಲು ಒಂದೇ ಕೋಣೆಯಲ್ಲಿ ಮಲಗುವ ಸೈನಿಕರ ತಂಡ, ಆಮೇಲೆ ಆ ತಂಡದ ಒಬ್ಬೊಬ್ಬನೂ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಸಮಾಜವಾದಿಗಳು ಕೈಗೆತ್ತಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ.

ವಿಶೇಷವೆಂದರೆ ಜರ್ಮನ್ ಎಡಪಂಥೀಯರು ‘ಕಮೆರಾಡ್’ ಎನ್ನದೆ ‘ಗೆನೊಸ್ಸೆ’ ಎನ್ನುತ್ತಿದ್ದರು. ಅಲ್ಲಿ ಕಮೆರಾಡ್ ಸೈನ್ಯದ ವಾಸನೆಯ ಮಾತು. ರಷ್ಯನ್ನಿನ ‘ತವಾರಿಶ್’ಗೂ ಲ್ಯಾಟಿನ್ನಿಗೂ ನಂಟಿಲ್ಲ. ಕನ್ನಡದಲ್ಲಿ ನಾವು ‘ಸಂಗಾತಿ’ ಎಂದದ್ದು ಬಹಳ ಒಳ್ಳೆಯ ಆಯ್ಕೆ. ಒಂದೇ ಸೂರಿನಡಿ ಇದ್ದವರು ಎಂಬುದಕ್ಕಿಂತ ಜೊತೆಯಲ್ಲಿ ನಡೆದವರು ಎಂಬ ಅರ್ಥ ಹೋರಾಟಕ್ಕೆ ಹೆಚ್ಚು ಒಪ್ಪುತ್ತದೆ.

ಕರಿಕೋಟು:

ನಾನು ವಕೀಲೆ, ಮೈಸೂರು ಕಡೆಯ ನ್ಯಾಯಾಲಯಗಳಲ್ಲಿ ಮಹಿಳೆಯರ ಪ್ರಕರಣಗಳೇ ಹೆಚ್ಚು. ಈ ಚರ್ಚೆಯಲ್ಲಿ ಹೇಳಲೇಬೇಕಾದ ಒಂದು ಮಾತಿದೆ.

ಪತ್ರಿಕೆಗಳಲ್ಲಿ ‘ಇನ್ ಕ್ಯಾಮೆರಾ ವಿಚಾರಣೆ’ ಎಂದು ಬರುತ್ತದೆ. ಇದು ನ್ಯಾಯಾಲಯದ ಲ್ಯಾಟಿನ್. ಅರ್ಥ ‘ಕೋಣೆಯಲ್ಲಿ’, ಅಂದರೆ ಸಾರ್ವಜನಿಕರನ್ನು ಹೊರಗಿಟ್ಟು, ಬಾಗಿಲು ಮುಚ್ಚಿ. ಜನ ತಿಳಿಯುವುದು ಇದರ ನೇರ ವಿರುದ್ಧ: ಕ್ಯಾಮೆರಾ ಮುಂದೆ, ವಿಡಿಯೊ ಮಾಡುತ್ತಾ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳಿಗೆ ‘ನಿಮ್ಮ ಸಾಕ್ಷ್ಯ ಇನ್ ಕ್ಯಾಮೆರಾ ನಡೆಯುತ್ತದಮ್ಮ’ ಎಂದಾಗ ಅವಳ ಮುಖ ಬಿಳಿಚಿಕೊಳ್ಳುವುದನ್ನು ನಾನು ಒಂದಲ್ಲ ಹಲವು ಸಲ ಕಂಡಿದ್ದೇನೆ. ಅವಳನ್ನು ಕಾಪಾಡಲೆಂದೇ ಇರುವ ಸೌಲಭ್ಯದ ಹೆಸರು ಅವಳನ್ನು ಹೆದರಿಸುತ್ತದೆ.

ಕಾನೂನು ಸ್ಪಷ್ಟವಾಗಿದೆ. ದಂಡ ಪ್ರಕ್ರಿಯಾ ಸಂಹಿತೆಯ 327ನೇ ಕಲಮಿಗೆ 1983ರಲ್ಲಿ ತಿದ್ದುಪಡಿ ತಂದು ಅತ್ಯಾಚಾರ ಪ್ರಕರಣಗಳನ್ನು ಹೀಗೆಯೇ ನಡೆಸಬೇಕೆಂದು ಮಾಡಿದರು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮಿನಲ್ಲಿ ಅದೇ ಇದೆ. ಇದು ಅಪವಾದವಲ್ಲ, ನಿಯಮ ಎಂದು ಸುಪ್ರೀಂ ಕೋರ್ಟು 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಒತ್ತಿ ಹೇಳಿತು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 37ನೇ ಕಲಮು. ವಿಚ್ಛೇದನದಂಥ ಪ್ರಕರಣಗಳಿಗೆ ಹಿಂದೂ ವಿವಾಹ ಕಾಯ್ದೆಯ 22ನೇ ಕಲಮು.

ದಯವಿಟ್ಟು ಕನ್ನಡದಲ್ಲಿ ಬರೆಯುವವರು ಈ ಮಾತನ್ನು ಬಿಡಬೇಕು.

ಡೆಸ್ಕಿನವ:

ಮೇಡಂ, ನಾನು ಪತ್ರಿಕೆಯ ಸುದ್ದಿ ಮೇಜಿನಲ್ಲಿ ಕೆಲಸ ಮಾಡುವವನು. ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಬದಲಿ ಪದದಲ್ಲಿ ತೊಡಕಿದೆ. ‘ರಹಸ್ಯ ವಿಚಾರಣೆ’ ಎಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ‘ಗೋಪ್ಯ ವಿಚಾರಣೆ’ ಬಳಕೆಯಲ್ಲಿದೆ, ಪೊಲೀಸರು ಗುಟ್ಟಾಗಿ ತನಿಖೆ ಮಾಡಿದರೂ ಅದೇ ಪದ ಹಾಕುತ್ತೇವೆ. ‘ಮುಚ್ಚಿದ ಕೊಠಡಿಯ ವಿಚಾರಣೆ’ ಅತ್ಯಂತ ಸರಿ, ಆದರೆ ಎರಡು ಕಾಲಂ ತಲೆಬರಹಕ್ಕೆ ಹಿಡಿಸುವುದಿಲ್ಲ. ಕೊನೆಗೆ ವರದಿಗಾರರು ಕಳಿಸಿದ ‘ಇನ್ ಕ್ಯಾಮೆರಾ’ ಹಾಗೇ ಹೋಗಿಬಿಡುತ್ತದೆ.

ಕರಿಕೋಟು:

ತಲೆಬರಹಕ್ಕೆ ‘ಗೋಪ್ಯ ವಿಚಾರಣೆ’ ಹಾಕಿ, ಒಳಗೆ ಮೊದಲ ಪ್ಯಾರಾದಲ್ಲೇ ‘ಸಾರ್ವಜನಿಕರಿಗೂ ಪತ್ರಕರ್ತರಿಗೂ ಪ್ರವೇಶವಿಲ್ಲದೆ’ ಎಂದು ಬಿಡಿಸಿ ಬರೆಯಿರಿ. ಓದುವವಳಿಗೆ ಬೇಕಿರುವುದು ಆ ಸಾಲು.

ಇನ್ನೊಂದು ಸೂಕ್ಷ್ಮವಿದೆ. ಪೋಕ್ಸೊ ಕಾಯ್ದೆಯ 26ನೇ ಕಲಮಿನಂತೆ, ಮಗುವಿನ ಹೇಳಿಕೆಯನ್ನು ಸಾಧ್ಯವಾದ ಕಡೆಯಲ್ಲೆಲ್ಲ ಪೊಲೀಸರು ಅಥವಾ ಮ್ಯಾಜಿಸ್ಟ್ರೇಟರು ಧ್ವನಿ-ದೃಶ್ಯ ರೂಪದಲ್ಲೂ ದಾಖಲಿಸಬೇಕು. ಅಲ್ಲಿ ನಿಜಕ್ಕೂ ಕ್ಯಾಮೆರಾ ಇರುತ್ತದೆ. ಅದು ತನಿಖೆಯ ಹಂತ, ಪದೇ ಪದೇ ಮಗುವನ್ನು ಕೇಳುವುದು ತಪ್ಪಲೆಂದು. ನ್ಯಾಯಾಲಯದ ಬಾಗಿಲು ಮುಚ್ಚುವುದು ಬೇರೆ ಹಂತ. ಒಂದೇ ಪ್ರಕರಣದಲ್ಲಿ ಎರಡೂ ಬಂದಾಗ ‘ಇನ್ ಕ್ಯಾಮೆರಾ’ ಎಂದು ಬರೆದರೆ ತಂದೆತಾಯಿಗೆ ಯಾವುದು ಎಂದು ತಿಳಿಯುವುದೇ ಇಲ್ಲ. ಹಾಗಾಗಿ ನಾನು ಮನೆಯವರೊಡನೆ ಮಾತಾಡುವಾಗ ಪದವನ್ನೇ ಬಳಸುವುದಿಲ್ಲ. ‘ಒಳಗೆ ಜಡ್ಜ್ ಇರ್ತಾರೆ, ಎರಡು ಕಡೆಯ ವಕೀಲರು ಇರ್ತಾರೆ, ಕೋರ್ಟಿನ ಸಿಬ್ಬಂದಿ ಇರ್ತಾರೆ. ಆರೋಪಿ ಮಗುವಿನ ಕಣ್ಣಿಗೆ ಬೀಳದ ಹಾಗೆ ವ್ಯವಸ್ಥೆ ಮಾಡ್ತಾರೆ. ನೀವು ಮಗುವಿನ ಜೊತೆ ಇರಬಹುದು. ಬೇರೆ ಯಾರೂ ಒಳಗೆ ಬರೋ ಹಾಗಿಲ್ಲ’ ಎನ್ನುತ್ತೇನೆ.

ಧಾರವಾಡದಾಕಿ:

ಅಕ್ಕಾರ, ಇದನ್ನ ನಮ್ಮ ಸ್ವಸಹಾಯ ಸಂಘದ ಮೀಟಿಂಗ್‌ನ್ಯಾಗ ಓದಿ ಹೇಳ್ತೀನ್ರಿ. ಅಡ್ಡಿ ಇಲ್ಲಲ್ಲ?

ಕರಿಕೋಟು:

ಖಂಡಿತ ಹೇಳಿ ಅಕ್ಕ. ಕಲಮಿನ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಕೀಲರ ಹತ್ತಿರ, ಠಾಣೆಯಲ್ಲಿ ಕೇಳುವಾಗ ಅದು ಕೈಯಲ್ಲಿದ್ದರೆ ಧೈರ್ಯ.

ಡೆಸ್ಕಿನವ:

ತಲೆಬರಹಕ್ಕೆ ‘ಗೋಪ್ಯ ವಿಚಾರಣೆ’, ಮೊದಲ ಪ್ಯಾರಾಕ್ಕೆ ಆ ಬಿಡಿಸಿದ ಸಾಲು. ನಮ್ಮ ಮೇಜಿನ ಪದಪಟ್ಟಿಗೆ ಇವತ್ತು ಸೇರಿಸಿದ್ದೇನೆ. ಜಿಲ್ಲಾ ವರದಿಗಾರರಿಗೂ ಕಳಿಸುತ್ತೇನೆ.